ಅವಳಿಗೆ ಜ್ವರ ಇತ್ತು, ಅದಕ್ಕೇ ಹೋದೆ

ನನ್ನ ಜೊತೆ ಹಾಸ್ಟೆಲ್‌ನಲ್ಲಿದ್ದವರಿಗೆಲ್ಲ ಭಾನುವಾರ ಸಂಜೆಯ ಬೈಬಲ್ ಕ್ಲಾಸ್ ನೆನಪಿರಲೇಬೇಕು. ಬರಲೇಬೇಕು ಅನ್ನುವ ನಿಯಮ ಇರಲಿಲ್ಲ. ಆದರೂ ಕ್ರೈಸ್ತರಲ್ಲದ ಹುಡುಗಿಯರೂ ಬಂದು ಕೂರುತ್ತಿದ್ದರು. ಪಾಠ ಮಾಡುತ್ತಿದ್ದವರು ನಮ್ಮ ವಾರ್ಡನ್ ಸಿಸ್ಟರ್. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುವುದಿಲ್ಲ.

ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವಳು. ದಯಾಳು ಸಮಾರಿಯದವನ ಕಥೆ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೆ. ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬೀಳಿಸಿ ಹೋಗುತ್ತಾರೆ, ಇಬ್ಬರು ನೋಡಿಯೂ ನಿಲ್ಲುವುದಿಲ್ಲ, ಮೂರನೆಯವನು, ಯೆಹೂದ್ಯರಿಗೆ ಆಗದ ಸಮಾರಿಯ ಎಂಬ ನಾಡಿನವನು, ನಿಲ್ಲುತ್ತಾನೆ. ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಸಿಸ್ಟರ್ ಅದೊಂದೇ ಕಥೆಯನ್ನು ವಾರಗಟ್ಟಲೆ ಪಾಠ ಮಾಡಿದರು.

ಮೊದಲು ಬೋರ್ಡಿನ ಮೇಲೆ ಆ ಕಥೆ ನಡೆಯುವ ದಾರಿ ಬರೆದರು, ಜೆರುಸಲೇಮಿನಿಂದ ಜೆರಿಕೋಗೆ. ಜೆರುಸಲೇಮ್ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲೆ. ಜೆರಿಕೋ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. ನಡುವೆ 27 ಕಿಲೋಮೀಟರಿನಷ್ಟು ಬರಡು ಬೆಟ್ಟಗಳ ಇಳಿಜಾರು. ಕಳ್ಳರು ಅಡಗಿ ಕೂರುವುದಕ್ಕೆ ಹೇಳಿ ಮಾಡಿಸಿದ ಜಾಗ. ಅಂಥಲ್ಲಿ ನಿಂತರೆ ನಿಂತವನಿಗೂ ಅಪಾಯ. ನಿಲ್ಲದೆ ಹೋದ ಆ ಇಬ್ಬರು, ಅಂದರೆ ದೇವಾಲಯದ ಯಾಜಕನೂ ಅಲ್ಲಿ ಸೇವೆ ಮಾಡುವ ಲೇವಿಯನೂ, ಹೆದರಿಯೇ ಪಕ್ಕಕ್ಕೆ ಸರಿದು ಹೋಗಿರಬಹುದು ಅಂತ ನಮಗೆ ಆಗ ಹೊಳೆಯಿತು. ಹೆದರಿಕೆ ನಮಗೂ ಗೊತ್ತಿರುವುದೇ.

ಮುಂದಿನ ವಾರ ಸಿಸ್ಟರ್ ಹಿಂದಿನ ಅಧ್ಯಾಯ ತೆಗೆಯಲು ಹೇಳಿದರು. ಸಮಾರಿಯದವನ ಕಥೆ ಇರುವುದು ಬೈಬಲಿನಲ್ಲಿ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ. 9ನೇ ಅಧ್ಯಾಯದಲ್ಲಿ ಒಂದು ಸಮಾರಿಯದ ಹಳ್ಳಿಯವರು ಯೇಸುಸ್ವಾಮಿಗೆ ಇಳಿದುಕೊಳ್ಳಲು ಜಾಗ ಕೊಡುವುದಿಲ್ಲ. ಶಿಷ್ಯರಾದ ಯಕೋಬ, ಯೊವಾನ್ನರಿಗೆ ಸಿಟ್ಟು ನೆತ್ತಿಗೇರುತ್ತದೆ. ಆಕಾಶದಿಂದ ಬೆಂಕಿ ಇಳಿಸಿ ಇವರನ್ನು ಸುಟ್ಟುಬಿಡೋಣವೇ ಎಂದು ಕೇಳುತ್ತಾರೆ. ಯೇಸು ಗದರಿಸುವುದು ಶಿಷ್ಯರನ್ನು. ಒಂದು ಪುಟ ತಿರುಗಿಸಿದರೆ ಅವರು ಹೇಳುವ ಕಥೆಯಲ್ಲಿ ಒಳ್ಳೆಯವನು ಯಾರು? ತಮಗೆ ಬಾಗಿಲು ಹಾಕಿದ ಅದೇ ಜನರಲ್ಲೊಬ್ಬ. ಈ ಎರಡು ಅಧ್ಯಾಯಗಳನ್ನು ನಾನು ಅಲ್ಲಿಯವರೆಗೆ ಜೋಡಿಸಿ ಓದಿರಲಿಲ್ಲ. ಇವತ್ತಿಗೂ ಓದಿದಾಗ ಮೈ ಜುಮ್ಮೆನ್ನುತ್ತದೆ.

ಸಿಸ್ಟರ್ ಜಾಸ್ತಿ ಹೊತ್ತು ನಿಲ್ಲುತ್ತಿದ್ದುದು ಖರ್ಚಿನ ಮಾತಿನ ಹತ್ತಿರ. ಸಮಾರಿಯದವನು ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ. ತಾನು ಕೂತಿದ್ದ ಪ್ರಾಣಿಯ ಮೇಲೆ ಅವನನ್ನು ಕೂರಿಸಿದ. ಛತ್ರದಲ್ಲಿ ಒಂದು ರಾತ್ರಿ ಆರೈಕೆ ಮಾಡಿದ. ಬೆಳಿಗ್ಗೆ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಆಗ ಅಂಥ ಒಂದು ನಾಣ್ಯ ಅಂದರೆ ಕೂಲಿಯವನ ಒಂದು ದಿನದ ಸಂಬಳ. ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಇಷ್ಟು ಹೇಳಿ ಸಿಸ್ಟರ್ ನಮ್ಮ ಮುಖ ನೋಡಿದರು. “ಗಾಯಗೊಂಡವನು ಇಡೀ ಕಥೆಯಲ್ಲಿ ಒಂದು ಮಾತೂ ಆಡೋದಿಲ್ಲ, ಗಮನಿಸಿದ್ರಾ? ಥ್ಯಾಂಕ್ಸ್ ಕೂಡ ಇಲ್ಲ. ಹಾಗಿದ್ರೂ ಇವನು ವಾಪಸ್ ಬರ್ತೀನಿ ಅಂತಾನೆ.”

ಪಾಠ ಇಷ್ಟಕ್ಕೇ ನಿಂತಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ನಮ್ಮ ಹಾಸ್ಟೆಲ್‌ನಲ್ಲಿ ನನಗಿಂತ ಸೀನಿಯರ್ ಆಗಿದ್ದ ಒಬ್ಬ ಅಕ್ಕ ಇದ್ದಳು. ದೇವರು ಇಲ್ಲ ಅನ್ನುವವಳು. ಒಂದು ಭಾನುವಾರ ಕ್ಲಾಸಿಗೆ ಬಂದು ಸಿಸ್ಟರ್ ಜೊತೆ ಜೋರಾಗಿ ವಾದ ಮಾಡಿ, ಇದೆಲ್ಲ ಸುಮ್ನೆ ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನ ಅಂತ ಎದ್ದು ಹೋದಳು. ಪರೀಕ್ಷೆ ಹತ್ತಿರ ಬಂದಾಗ ಅವಳಿಗೆ ಟೈಫಾಯ್ಡ್ ಆಯಿತು. ಮನೆಯವರು ದೂರದಿಂದ ಬರಬೇಕಿತ್ತು. ಅವರು ಬರುವವರೆಗೆ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತವರು ಸಿಸ್ಟರ್. ಹಗಲು ನಾನು ಹೋಗುತ್ತಿದ್ದೆ. ವಾಂತಿ ಬಳಿಯುವುದು, ಬಟ್ಟೆ ಒಗೆಯುವುದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಯಾವುದನ್ನೂ ಅವರು ಆಯಾಗೆ ಬಿಡಲಿಲ್ಲ. ಅಕ್ಕನಿಗೆ ಇದರಿಂದ ಇರುಸುಮುರುಸು. ಒಂದು ಸಂಜೆ ನನ್ನೆದುರೇ ಕೇಳಿಬಿಟ್ಟಳು. “ಇದನ್ನೆಲ್ಲ ಮಾಡಿ ನನ್ನನ್ನ ಚರ್ಚಿಗೆ ಕರ್ಕೊಂಡು ಹೋಗ್ಬೇಕು ಅಂತಾನಾ ಸಿಸ್ಟರ್?” ಸಿಸ್ಟರ್ “ಅಲ್ಲಮ್ಮ, ಮೊದಲು ಈ ನೀರು ಕುಡಿ” ಅಂದರು.

ಅಕ್ಕ ಹುಷಾರಾಗಿ ಬಂದ ಮೇಲೆ ನಾನು ಸಿಸ್ಟರ್ ಹತ್ತಿರ, ಇನ್ನು ಮೇಲೆ ಅವಳು ಕ್ಲಾಸಿಗೆ ಬರಬಹುದು ಅಲ್ವಾ ಅಂದೆ. “ಅವಳು ಬರಲಿ ಅಂತ ನಾನು ಆಸ್ಪತ್ರೆಗೆ ಹೋಗಿದ್ದಲ್ಲ. ಅವಳಿಗೆ ಜ್ವರ ಇತ್ತು, ಅದಕ್ಕೇ ಹೋದೆ.” ಅಷ್ಟು ಹೇಳಿ ಪ್ರಾರ್ಥನೆಗೆ ಹೊರಟರು. ಆ ಪ್ರಾರ್ಥನೆಯಲ್ಲಿ ಅಕ್ಕನ ಹೆಸರೂ ಇರುತ್ತಿತ್ತು ಅನ್ನುವುದು ನನಗೆ ಗೊತ್ತು. ತಮ್ಮ ವಿಶ್ವಾಸವನ್ನು ಸಿಸ್ಟರ್ ಯಾರಿಂದಲೂ ಮುಚ್ಚಿಡಲಿಲ್ಲ. ಕೇಳಿದವರಿಗೆ ಕ್ರಿಸ್ತನ ಬಗ್ಗೆ ಮನಸ್ಸು ತುಂಬಿ ಹೇಳುತ್ತಿದ್ದರು. ಆದರೆ ಆರೈಕೆಗೆ ಪ್ರತಿಯಾಗಿ ಏನನ್ನೂ ಕೇಳಲಿಲ್ಲ, ವಿಶ್ವಾಸವನ್ನು ಕೂಡ. ನನ್ನ ಧರ್ಮ ನನಗೆ ನಿಜವಾಗಿ ಅರ್ಥವಾಗಲು ಶುರುವಾದದ್ದು ಅಲ್ಲಿಂದ.

ಷರತ್ತಿಲ್ಲದ ಪ್ರೀತಿ ಅಂದರೆ ಎಲ್ಲದಕ್ಕೂ ಹೂಂ ಅನ್ನುವುದು ಎಂದು ಕೆಲವರು ತಿಳಿದಿದ್ದಾರೆ. ಸಿಸ್ಟರ್ ಹಾಗಿರಲಿಲ್ಲ. ಒಮ್ಮೆ ಕೆಲವು ಸೀನಿಯರ್‌ಗಳು ಹೊಸ ಹುಡುಗಿಯರನ್ನು ಗೋಳು ಹೊಯ್ದುಕೊಂಡಾಗ ಅವರು ಚೂರೂ ಸಡಿಲ ಬಿಡಲಿಲ್ಲ. ಆ ಮಕ್ಕಳ ಎದುರೇ ಕ್ಷಮೆ ಕೇಳಿಸಿದರು, ಕೆಲವು ದಿನ ಹಾಸ್ಟೆಲ್‌ನಿಂದ ಹೊರಗೂ ಕಳಿಸಿದರು. ಆದರೆ ಅವರನ್ನು ಬಸ್ ಹತ್ತಿಸಲು ತಾವೇ ಹೋದರು. ಅವರು ವಾಪಸ್ ಬರುವ ಹೊತ್ತಿಗೆ ರೂಮು ಗುಡಿಸಿ ಹಾಸಿಗೆ ಹಾಕಿಸಿದ್ದರು. ಪ್ರೀತಿ ಅನ್ಯಾಯದಲ್ಲಿ ಸಂತೋಷಪಡುವುದಿಲ್ಲ ಎಂದು ಬೈಬಲಿನಲ್ಲಿ ಪೌಲ ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿದೆ. ಮದುವೆಗಳಲ್ಲಿ ಆ ಅಧ್ಯಾಯ ಓದುವಾಗ ಈ ಸಾಲು ಹಾಗೇ ಹಾದು ಹೋಗುತ್ತದೆ. ನನಗೆ ಮಾತ್ರ ಆ ರೂಮು ನೆನಪಾಗುತ್ತದೆ.

ಸಿಸ್ಟರ್‌ಗೆ ಚರಿತ್ರೆಯೂ ಇಷ್ಟ. ರೋಮನ್ ಚಕ್ರವರ್ತಿ ಜೂಲಿಯನ್ ವಿಷಯವನ್ನು ಅವರಿಂದಲೇ ಕೇಳಿದ್ದು. 361ರಿಂದ 363ರವರೆಗೆ ಆಳಿದ ಅವನು ಕ್ರೈಸ್ತ ಧರ್ಮ ಬಿಟ್ಟು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ತರಲು ಹೊರಟವನು. ಅವನ ಹೆಸರಿನಲ್ಲಿ ಉಳಿದಿರುವ ಒಂದು ಪತ್ರದಲ್ಲಿ, ಈ ಗಲಿಲೇಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಾರೆ ಅನ್ನುವ ದೂರು ಇದೆ. ವಿರೋಧಿಯ ಬಾಯಿಂದ ಬಂದ ಇಂಥ ಮಾತಿಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಫಾದರ್ ಡೇಮಿಯನ್ ಬಗ್ಗೆ ಹೇಳುವಾಗಲಂತೂ ಸಿಸ್ಟರ್ ಗಂಟಲು ಕಟ್ಟುತ್ತಿತ್ತು. ಬೆಲ್ಜಿಯಂನ ಆ ಪಾದ್ರಿ 1873ರಲ್ಲಿ ಹವಾಯಿಯ ಮೊಲೊಕಾಯಿ ದ್ವೀಪಕ್ಕೆ ಹೋದರು. ಕುಷ್ಠರೋಗಿಗಳನ್ನು ಮನೆಯವರಿಂದ ಬೇರೆ ಮಾಡಿ ಅಲ್ಲಿ ಬಿಡುತ್ತಿದ್ದರು. ಡೇಮಿಯನ್ ಆ ರೋಗಿಗಳ ಗಾಯ ಕಟ್ಟಿದರು, ಮನೆ ಕಟ್ಟಿದರು, ಸತ್ತವರಿಗೆ ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ಕೊನೆಗೆ ಅದೇ ಕಾಯಿಲೆ ಬಂದು 1889ರ ಏಪ್ರಿಲ್ 15ರಂದು ತೀರಿಕೊಂಡರು. ಆಗ ಅವರಿಗೆ 49 ವರ್ಷ. ಅವರ ಸಾವಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನನ್ನನ್ನು ಕಾಡುವುದು ಅದಕ್ಕಿಂತ ಮುಂಚಿನ ಆ 16 ವರ್ಷಗಳ ದಿನಚರಿ. ದಿನಾ ಬೆಳಿಗ್ಗೆ ಎದ್ದು ಮತ್ತೆ ಅದೇ ಗಾಯಗಳನ್ನು ತೊಳೆಯುವುದು.

ಈಗ ನಾನು ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತೇನೆ. ಮರೆವಿನ ಕಾಯಿಲೆಯವರೇ ಹೆಚ್ಚು. ಬೆಳಿಗ್ಗೆ ತಲೆ ಬಾಚಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಕೆಲವರು ಬೈಯುತ್ತಾರೆ, ಒಬ್ಬರು ಅಜ್ಜಿ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾರೆ. ಆ ಅಜ್ಜಿಯ ರೂಮಿಗೆ ಹೋಗುವಾಗ ಮನಸ್ಸಿನಲ್ಲೇ ಒಂದು ಚಿಕ್ಕ ಪ್ರಾರ್ಥನೆ ಹೇಳಿಕೊಳ್ಳುತ್ತೇನೆ. ಅವರನ್ನು ಪ್ರೀತಿಸುವ ಶಕ್ತಿ ನನ್ನೊಬ್ಬಳಲ್ಲಿ ಇಲ್ಲ. ಮೊದಲು ಪ್ರೀತಿಸಿದವರು ದೇವರು, ಅದಕ್ಕೇ ನಾವೂ ಪ್ರೀತಿಸಬಲ್ಲೆವು ಎಂದು ಬೈಬಲಿನ ಯೊವಾನ್ನನ ಮೊದಲ ಪತ್ರದಲ್ಲಿದೆ. ನನ್ನ ಕೆಲಸ ನಡೆಯುತ್ತಿರುವುದು ಆ ಮಾತನ್ನು ನಂಬಿಕೊಂಡೇ.

ಆ ಅಕ್ಕ ಇವತ್ತಿಗೂ ದೇವರನ್ನು ನಂಬುವುದಿಲ್ಲ. ಸಿಸ್ಟರ್‌ಗೆ ಫೋನ್ ಮಾಡುವುದನ್ನು ಮಾತ್ರ ತಪ್ಪಿಸಿಲ್ಲ. ಈಗಲೂ ಇಬ್ಬರೂ ದೇವರ ಬಗ್ಗೆ ವಾದ ಮಾಡುತ್ತಾರಂತೆ. ಹಾಸ್ಟೆಲ್ ಮಕ್ಕಳಿಗೆ ಕಾಯಿಲೆಯಾದಾಗ ಆಸ್ಪತ್ರೆ ಖರ್ಚಿಗೆ ಒಂದು ನಿಧಿ ಮಾಡೋಣ ಅಂತ ಮೊದಲು ಹೇಳಿದವಳೂ ಅವಳೇ. ನಾವು ಕೆಲವು ಹಳೆಯ ವಿದ್ಯಾರ್ಥಿನಿಯರು ಸೇರಿ ಅದನ್ನು ಶುರು ಮಾಡಿದ್ದೇವೆ. ಅರ್ಜಿಯಲ್ಲಿ ಧರ್ಮ, ಜಾತಿ, ಮಾರ್ಕ್ಸು ಕೇಳುವ ಕಾಲಂ ಇಲ್ಲ. ಇದು ಸಾಲವೂ ಅಲ್ಲ. ಇದನ್ನು ಓದುತ್ತಿರುವ ಹಾಸ್ಟೆಲ್ ಮಕ್ಕಳೇ, ಹುಷಾರಿಲ್ಲದಿದ್ದರೆ ಸಂಕೋಚ ಬೇಡ, ಈಗಿನ ವಾರ್ಡನ್ ಹತ್ತಿರ ಹೋಗಿ ಹೇಳಿ. ಅವರ ಬಳಿ ಅರ್ಜಿ ಇದೆ.