ಜ್ವರ ಬಂದಾಗಲೆಲ್ಲ ಅದೇ ಪ್ರಶ್ನೆ

14 ಜೂನ್ 2025, ಶನಿವಾರ

ಉರಿಯೂತ ತಗ್ಗಿಸಲು ಅಪ್ಪ ತಗೊಳ್ಳುವ ಸ್ಟೀರಾಯ್ಡ್ ಡೋಸನ್ನು ಈ ಸಲ ಏರಿಸಲಿಲ್ಲ. ಜ್ವರ ಬಂದಿತ್ತು, ಎಡಗಿವಿ ಊದಿಕೊಂಡಿತ್ತು. ಕಳೆದ ವರ್ಷವಾಗಿದ್ದರೆ ಇಷ್ಟಕ್ಕೇ 20 ಮಿಲಿಗ್ರಾಂ ಇದ್ದದ್ದು 40 ಆಗುತ್ತಿತ್ತು. ಈ ಸಲ, ರಕ್ತದಲ್ಲಿ ರೋಗಾಣು ಇದೆಯೇ ಎಂದು ನೋಡುವ ಬ್ಲಡ್ ಕಲ್ಚರ್ ರಿಪೋರ್ಟ್ ಬರುವ ತನಕ ಕಾದೆವು. ಸೋಂಕಿನ ಗುರುತು ಏನೂ ಸಿಗಲಿಲ್ಲ. ಜ್ವರವೂ ನಿನ್ನೆಯಿಂದ ಇಳಿದಿದೆ. ಡೋಸ್ ಇಷ್ಟೇ ಇರಲಿ, ಸೋಮವಾರದಿಂದ ಅಜಾಸಿಟಿಡಿನ್ ಇಂಜೆಕ್ಷನ್ ಶುರು ಮಾಡೋಣ ಎಂದರು ಡಾಕ್ಟರ್. ನಮ್ಮ ಮನೆಗೆ ಇದು ದೊಡ್ಡ ವಿಷಯ. ಯಾಕೆ ಅಂತ ಬರೆದಿಡುತ್ತೇನೆ. ಇಂಥದೇ ಕಾಯಿಲೆ ಇರುವವರ ಮನೆಯವರು ಯಾರಾದರೂ ಓದಿದರೆ ಅವರಿಗೂ ಉಪಯೋಗಕ್ಕೆ ಬರಲಿ.

ಅಪ್ಪನಿಗಿರುವುದು ವೆಕ್ಸಾಸ್ ಸಿಂಡ್ರೋಮ್. ಹೊರಗೆ ಕಾಣುವುದೆಲ್ಲ ಉರಿಯೂತ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ಕೆರಳಿದಾಗ ಆಗುವ ಊತ, ನೋವು, ಬಿಸಿ. ಜ್ವರ, ಚರ್ಮದ ಮೇಲೆ ನೋಯುವ ಕೆಂಪು ಗಂಟು, ಕೀಲು ನೋವು, ಕೆಮ್ಮು. ಮಧ್ಯೆ ಒಂದು ಸಲ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತು. ಇಷ್ಟೆಲ್ಲದರ ಮೂಲ ಇರುವುದು ಮೂಳೆಯ ಒಳಗೆ, ರಕ್ತಕಣಗಳು ಹುಟ್ಟುವ ಮಜ್ಜೆಯಲ್ಲಿ.

ಆ ಕಿವಿಯ ಬಗ್ಗೆ ಹೇಳಲೇಬೇಕು. ಮೇಲಿನ ಗಟ್ಟಿ ಭಾಗವೆಲ್ಲ ಕೆಂಪು, ಅಂಚಿನಲ್ಲಿ ಸ್ವಲ್ಪ ನೇರಳೆ. ಮುಟ್ಟಿದರೆ ಬಿಸಿ. ನಿದ್ದೆಯಲ್ಲಿ ದಿಂಬಿಗೆ ತಾಗಿದರೆ ಅಪ್ಪ ಎದ್ದು ಕೂತುಬಿಡುತ್ತಾರೆ. ಆದರೆ ಕೆಳಗಿನ ಹಾಲೆ ಮಾತ್ರ ಎಂದಿನ ಬಣ್ಣದಲ್ಲೇ ಇರುತ್ತದೆ, ನೋವೂ ಇಲ್ಲ. ಹಾಲೆಯಲ್ಲಿ ಕಾರ್ಟಿಲೇಜ್, ಅಂದರೆ ಕಿವಿಗೆ ಆಕಾರ ಕೊಡುವ ಮೆದು ಮೂಳೆ, ಇಲ್ಲ. ಉರಿಯೂತ ಹಿಡಿದಿರುವುದು ಕಾರ್ಟಿಲೇಜನ್ನು. ಚರ್ಮದ ಸೋಂಕಾಗಿದ್ದರೆ ಹಾಲೆಯೂ ಕೆಂಪಾಗುವ ಸಂಭವ ಜಾಸ್ತಿ. ಶುರುವಿನಲ್ಲಿ ಇದನ್ನು ಯಾರೂ ಗಮನಿಸಲಿಲ್ಲ, ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ಕೊಟ್ಟರು. ಈಗಿನ ಡಾಕ್ಟರ್ ಮೊದಲ ದಿನವೇ ಹಾಲೆಯನ್ನು ಮೆಲ್ಲಗೆ ಹಿಡಿದು "ಇಲ್ಲಿ ನೋಯುತ್ತಾ?" ಎಂದು ಕೇಳಿದರು. ಅಪ್ಪ "ಇಲ್ಲ ಡಾಕ್ಟ್ರೇ" ಅಂದರು. ಅಲ್ಲಿಂದ ದಾರಿ ಬದಲಾಯಿತು.

ಈ ಕಾಯಿಲೆಗೆ ಹೆಸರು ಬಂದಿದ್ದೇ 2020ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ರೋಗಲಕ್ಷಣದಿಂದ ಹುಡುಕಾಟ ಶುರು ಮಾಡಲಿಲ್ಲ. ಕಾರಣ ತಿಳಿಯದ ಉರಿಯೂತ ಇದ್ದ 2,500ಕ್ಕೂ ಜಾಸ್ತಿ ಜನರ ಜೀನ್ ಮಾಹಿತಿ ಮುಂದಿಟ್ಟುಕೊಂಡು, ಒಂದೇ ಜೀನ್‌ನಲ್ಲಿ ದೋಷ ಇರುವವರು ಯಾರು ಅಂತ ನೋಡಿದರು. ಮೊದಲು ಸಿಕ್ಕಿದವರು ಮೂವರು ಗಂಡಸರು. ಮೊದಲ ವರದಿ ಪ್ರಕಟವಾಗುವ ಹೊತ್ತಿಗೆ 25 ಮಂದಿ. 2023ರ ಒಂದು ಅಧ್ಯಯನದ ಲೆಕ್ಕದಲ್ಲಿ, 50 ದಾಟಿದ ಗಂಡಸರಲ್ಲಿ ಸುಮಾರು 4,000ಕ್ಕೆ ಒಬ್ಬರಲ್ಲಿ ಈ ದೋಷ ಇದೆ. ಅಪ್ಪನ ಹಾಗೆ ಹೆಸರಿಲ್ಲದ ಕಾಯಿಲೆ ಹೊತ್ತುಕೊಂಡು ತಿರುಗಿದವರು ಎಷ್ಟು ಜನ ಇದ್ದಿರಬೇಕು!

ದೋಷ ಇರುವುದು ಯುಬಿಎ1 ಎಂಬ ಜೀನ್‌ನಲ್ಲಿ. ಜೀವಕೋಶದಲ್ಲಿ ಕೆಲಸ ಮುಗಿದ ಪ್ರೋಟೀನ್‌ಗಳಿಗೆ ಗುರುತು ಹಚ್ಚಿ ವಿಲೇವಾರಿಗೆ ಕಳಿಸುವ ವ್ಯವಸ್ಥೆ ಒಂದಿದೆ. ಅದರ ಮೊದಲ ಹೆಜ್ಜೆಯ ಕಿಣ್ವವನ್ನು ತಯಾರಿಸುವುದು ಈ ಜೀನ್. ವಯಸ್ಸಾದ ಮೇಲೆ ಮಜ್ಜೆಯ ಒಂದು ಕಾಂಡಕೋಶದಲ್ಲಿ, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶದಲ್ಲಿ, ಇದು ಕೆಡುತ್ತದೆ. ಆ ಒಂದರ ಸಂತತಿ ಬೆಳೆಯುತ್ತಾ ಮಜ್ಜೆಯನ್ನು ಆಕ್ರಮಿಸುತ್ತದೆ. ಅದರಿಂದ ಹುಟ್ಟುವ ಬಿಳಿ ರಕ್ತಕಣಗಳು ಸುಮ್ನೆ ಇರುವುದಿಲ್ಲ, ಕಾರಣವಿಲ್ಲದೆ ಉರಿಯೂತದ ರಾಸಾಯನಿಕಗಳನ್ನು ಸುರಿಯುತ್ತವೆ. ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಸರಿಗೆ ಅದು ಒಂದೇ, ಹಾಗಾಗಿ ಕಾಯಿಲೆ ಹೆಚ್ಚಾಗಿ ಅವರಿಗೇ. ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೆ ದಾಟುವುದೂ ಇಲ್ಲ. ಅಪ್ಪ ಮೊದಲು ಕೇಳಿದ್ದು ಇದನ್ನೇ. "ನನ್ನ ಮಕ್ಕಳಿಗೆ?" ಎಂದರು. ಡಾಕ್ಟರ್ "ಇಲ್ಲ, ಬರಲ್ಲ" ಎಂದ ಮೇಲೆಯೇ ಉಳಿದ ಮಾತು ಕೇಳಿಸಿಕೊಂಡರು.

ಸೊಂಟದ ಹಿಂಭಾಗದ ಮೂಳೆಯಿಂದ ತೆಗೆದ ಮಜ್ಜೆಯ ಸ್ಲೈಡಿನ ಫೋಟೋವನ್ನು ಡಾಕ್ಟರ್ ನಮಗೆ ತೋರಿಸಿದ್ದರು. ನೇರಳೆ ಬಣ್ಣದ ಎಳೆಯ ಜೀವಕೋಶಗಳು. ಅವುಗಳ ಒಳಗೆ ಖಾಲಿ ಬಿಳಿ ಗುಳ್ಳೆಗಳು, ಒಂದೊಂದರಲ್ಲಿ ನಾಲ್ಕೈದು. ಈ ಕಾಯಿಲೆಯ ಸುಳಿವು ಕೊಡುವುದು ಆ ಗುಳ್ಳೆಗಳೇ. ಖಚಿತವಾಗುವುದು ಜೀನ್ ಪರೀಕ್ಷೆಯಿಂದ.

ಈಗ ಸ್ಟೀರಾಯ್ಡ್ ವಿಷಯ. ಅದು ಕೆಲಸ ಮಾಡುತ್ತದೆ, ತುಂಬ ಬೇಗ ಮಾಡುತ್ತದೆ. ಪ್ರೆಡ್ನಿಸೋಲೋನ್ ಶುರುವಾದ ಒಂದೆರಡು ದಿನದಲ್ಲೇ ಅಪ್ಪ ನಡೆದಾಡಿದರು. ಆ ಮಾತ್ರೆ ಇಲ್ಲದೇ ಹೋಗಿದ್ದರೆ ಇಲ್ಲಿಯ ತನಕ ಬರುತ್ತಿರಲಿಲ್ಲ, ಅದನ್ನು ಬಯ್ಯುವ ಮನಸ್ಸು ನನಗಿಲ್ಲ. ಕಷ್ಟ ಇರುವುದು ಇಳಿಸುವಾಗ. ಡೋಸ್ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಸಾಕು, ಕಿವಿ ಮತ್ತೆ ಕೆಂಪು. ಕೆಟ್ಟ ಕಣಗಳು ಮಜ್ಜೆಯಲ್ಲಿ ಹಾಗೇ ಇವೆಯಲ್ಲ. ಗರಿಕೆಯನ್ನು ಬೇರು ಬಿಟ್ಟು ಮೇಲೆ ಮೇಲೆ ಕೊಯ್ದ ಹಾಗೆ. ಇಳಿಸಲಾಗದ ಡೋಸಿನಿಂದ ಶುಗರ್ ಏರಿತು, ತೊಡೆಯ ಸ್ನಾಯು ಕರಗಿತು. ಕುರ್ಚಿಯ ಕೈ ಹಿಡಿಯದೆ ಏಳುವುದು ಈಗ ಅಪ್ಪನಿಗೆ ಆಗುವುದಿಲ್ಲ. ಮೂಳೆಯೂ ಸವೆಯುತ್ತಿದೆ.

ಎಲ್ಲಕ್ಕಿಂತ ಭಯ ಸೋಂಕಿನದು. ಈ ಕಾಯಿಲೆಯಲ್ಲಿ ಪ್ರತಿ ಜ್ವರವೂ ಒಂದೇ ಪ್ರಶ್ನೆ ಕೇಳುತ್ತದೆ: ಇದು ಉರಿಯೂತವೋ ಸೋಂಕೋ? ಉರಿಯೂತವಾದರೆ ಸ್ಟೀರಾಯ್ಡ್ ಏರಿಸಬೇಕಾಗಬಹುದು. ಸೋಂಕಿರುವಾಗ ಏರಿಸಿದರೆ ಅದರ ಜೊತೆ ಹೋರಾಡುವ ಶಕ್ತಿ ಕುಗ್ಗಿ ಅನಾಹುತ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ರಕ್ತ ಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಎಂಬ ಪ್ರೋಟೀನ್ ಎರಡರಲ್ಲೂ ಏರುತ್ತದೆ. ಅದಕ್ಕೇ ಮೊದಲು ಬ್ಲಡ್ ಕಲ್ಚರ್, ಎದೆಯ ಸ್ಕ್ಯಾನ್. ಡೋಸಿನ ಮಾತು ಆಮೇಲೆ. ಮನೆಯಲ್ಲಿ ಯಾರೂ ತಾವಾಗಿಯೇ ಒಂದು ಮಾತ್ರೆ ಜಾಸ್ತಿ ಕೊಡುವ ಹಾಗಿಲ್ಲ, ಇದ್ದಕ್ಕಿದ್ದಂತೆ ನಿಲ್ಲಿಸುವ ಹಾಗೂ ಇಲ್ಲ. ಇದನ್ನು ಅಮ್ಮ ನನಗಿಂತ ಗಟ್ಟಿಯಾಗಿ ಪಾಲಿಸುತ್ತಾರೆ. ನ್ಯುಮೋನಿಯಾ ಬಾರದಿರಲಿ ಅಂತ ಕೋಟ್ರೈಮಾಕ್ಸಜೋಲ್ ಮಾತ್ರೆಯೂ ನಡೆಯುತ್ತಿದೆ.

ಬೇರೆ ದಾರಿಗಳನ್ನೂ ಇವತ್ತು ಮಾತಾಡಿದೆವು. ಟೋಸಿಲಿಜುಮ್ಯಾಬ್ ಎಂಬ ಇಂಜೆಕ್ಷನ್ ಐಎಲ್-6 ಎಂಬ ಉರಿಯೂತದ ಸಂದೇಶವನ್ನು ತಡೆಯುತ್ತದೆ. ಕೆಲವರಿಗೆ ಅದರಿಂದ ಸ್ಟೀರಾಯ್ಡ್ ಇಳಿಸಲು ಆಗುತ್ತದೆ. ಆದರೆ ಲಿವರ್ ಸಿಆರ್‌ಪಿ ತಯಾರಿಸುವುದೇ ಐಎಲ್-6 ಹೇಳಿದಾಗ. ಅದನ್ನು ತಡೆದರೆ ಒಳಗೆ ಸೋಂಕಿದ್ದರೂ ಸಿಆರ್‌ಪಿ ನಾರ್ಮಲ್ ತೋರಿಸಬಹುದು. ಈಗಲೇ ಗೊಂದಲ ಇಷ್ಟಿರುವಾಗ ನನಗೆ ಇದು ಅಷ್ಟು ಧೈರ್ಯ ಕೊಡಲಿಲ್ಲ.

ಇನ್ನೊಂದು ರುಕ್ಸೋಲಿಟಿನಿಬ್ ಮಾತ್ರೆ. ಇದರ ಕಥೆ ನನಗೆ ಇಷ್ಟವಾಯಿತು. ಮೈಲೋಫೈಬ್ರೋಸಿಸ್ ಅನ್ನುವುದೂ ಮಜ್ಜೆಯದೇ ಕಾಯಿಲೆ, ಅಲ್ಲೂ ಉರಿಯೂತವೇ ಜನರನ್ನು ಹಣ್ಣು ಮಾಡುವುದು. ರಾತ್ರಿ ಮೈ ಬೆವರು, ತುರಿಕೆ, ತೂಕ ಇಳಿಕೆ, ಊದಿದ ಗುಲ್ಮ (ಸ್ಪ್ಲೀನ್). 2005ರಲ್ಲಿ ಆ ಗುಂಪಿನ ಕಾಯಿಲೆಗಳಲ್ಲಿ ಜೆಎಕೆ2 ಜೀನ್‌ನ ದೋಷ ಪತ್ತೆಯಾಯಿತು. 2011ರಲ್ಲಿ, ಜೀವಕೋಶದೊಳಗೆ ಉರಿಯೂತದ ಸಂದೇಶ ದಾಟಿಸುವ ಜೆಎಕೆ ಕಿಣ್ವಗಳನ್ನು ತಡೆಯುವ ಈ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ವೆಕ್ಸಾಸ್ ಇರುವವರಿಗೂ ಕೊಡುತ್ತಾರೆ, ಹಲವರಿಗೆ ಚೆನ್ನಾಗಿ ಕೆಲಸ ಮಾಡಿದೆ. ಆದರೆ ಅದು ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಎರಡನ್ನೂ ಇಳಿಸುತ್ತದೆ, ಸರ್ಪಸುತ್ತು ಏಳುವ ಅಪಾಯವೂ ಇದೆ. ಅಪ್ಪನ ಪ್ಲೇಟ್‌ಲೆಟ್ ಮೊದಲೇ ಕಡಿಮೆ.

ಹಾಗಾಗಿ ಅಜಾಸಿಟಿಡಿನ್. ಮೈಲೋಡಿಸ್‌ಪ್ಲಾಸಿಯಾ ಎಂಬ ಮಜ್ಜೆಯ ಕಾಯಿಲೆಗೆ ಬಹಳ ವರ್ಷದಿಂದ ಬಳಸುತ್ತಿರುವ ಔಷಧಿ. ಅದು ಕೈ ಹಾಕುವುದು ಆ ಕೆಟ್ಟ ಸಂತತಿಗೇ. ಕೆಲವು ವೆಕ್ಸಾಸ್ ರೋಗಿಗಳಲ್ಲಿ ಯುಬಿಎ1 ದೋಷ ಪರೀಕ್ಷೆಗೆ ಸಿಗದಷ್ಟು ಇಳಿದದ್ದು ವರದಿಯಾಗಿದೆ. ಸಾಮಾನ್ಯವಾಗಿ ಏಳು ದಿನ ಇಂಜೆಕ್ಷನ್, 28 ದಿನಕ್ಕೊಂದು ಸುತ್ತು. ಫಲ ಕಾಣಲು ಹಲವು ಸುತ್ತು ಬೇಕು. ಮೊದಮೊದಲು ರಕ್ತಕಣಗಳ ಕೌಂಟ್ ಇನ್ನೂ ಬೀಳಬಹುದು, ರಕ್ತ ಹಾಕಿಸಬೇಕಾಗಬಹುದು, ಸೋಂಕಿನ ಭಯ ಆಗ ಇನ್ನೂ ಜಾಸ್ತಿ. "ಮೊದಲ ಎರಡು ತಿಂಗಳು ನೋಡಿ ಬೇಜಾರು ಮಾಡ್ಕೋಬೇಡಿ, ಔಷಧಿ ಕೆಲಸ ಮಾಡ್ತಿಲ್ಲ ಅಂತ ತೀರ್ಮಾನಕ್ಕೆ ಬರಬೇಡಿ" ಎಂದರು ಡಾಕ್ಟರ್. ಅಪ್ಪ ತಲೆಯಾಡಿಸಿ, "ಸ್ಟೀರಾಯ್ಡ್ ಕಮ್ಮಿಯಾದ್ರೆ ಸಾಕು, ಕಾಯ್ತೀನಿ" ಅಂದರು.

ಪೂರ್ತಿ ವಾಸಿಯಾಗುವ ದಾರಿ ಅಂತ ಇರುವುದು ಬೇರೆಯವರ ಕಾಂಡಕೋಶ ಕಸಿ. ಅದರಲ್ಲಿ ಜೀವಕ್ಕೇ ಅಪಾಯ ಇದೆ. ಬಂದ ಕಣಗಳು ಅಪ್ಪನ ದೇಹದ ಮೇಲೆಯೇ ತಿರುಗಿ ಬಿದ್ದರೆ ಅದು ಇನ್ನೊಂದು ಉರಿಯೂತ. ಈಗಲೇ ಬೇಡ, ಆದರೆ ದಾನಿ ಯಾರು ಅಂತ ತಿಳಿದಿರಲಿ ಎಂದರು ಡಾಕ್ಟರ್. ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ನಾನು ಪೂರ್ತಿ ವಿವರಿಸುವ ಮೊದಲೇ "ಯಾವತ್ತು ಬರಬೇಕು ಹೇಳು" ಅಂದರು. ಸೋದರತ್ತೆಯೂ ಹೊಂದಾಣಿಕೆಯ ಪರೀಕ್ಷೆಗೆ ರಕ್ತ ಕೊಡಲು ಬರುತ್ತಾರಂತೆ.

ಸೋಮವಾರ ಬೆಳಿಗ್ಗೆ ಮೊದಲು ರಕ್ತ ಪರೀಕ್ಷೆ. ಕೌಂಟ್ ತೀರಾ ಬಿದ್ದಿಲ್ಲ, ಜ್ವರ ಮರಳಿಲ್ಲ ಅಂದರೆ ಅವತ್ತೇ ಮೊದಲ ಇಂಜೆಕ್ಷನ್. ವಾಂತಿ ಬಾರದಂತೆ ಅರ್ಧ ಗಂಟೆ ಮೊದಲು ಒಂದು ಮಾತ್ರೆ ತಗೊಳ್ಳಬೇಕು. ಸ್ಟೀರಾಯ್ಡ್ ಎಂದಿನಂತೆ 20.