ಡಾಕ್ಟರಿಗೆ ಹೇಳದ ಮಾತ್ರೆಗಳು

"ಕೈ ಮುಂದಕ್ಕೆ ಚಾಚಿ, ಬೆರಳು ಅಗಲಿಸಿ" ಅಂದರು ಡಾಕ್ಟರು. ಚಾಚಿದೆ. ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ತೆಗೆದು ನನ್ನ ಬೆರಳುಗಳ ಮೇಲೆ ಹಗುರಾಗಿ ಇಟ್ಟರು. ಥೈರಾಯ್ಡ್ ಹಾರ್ಮೋನು ಮಿತಿಮೀರಿದ್ದರೆ ಬೆರಳು ಸಣ್ಣಗೆ ನಡುಗುತ್ತದೆ. ಬರಿಗಣ್ಣಿಗೆ ಗೊತ್ತಾಗದ ನಡುಕವೂ ಹಾಳೆಯ ಅಂಚಿನಲ್ಲಿ ಕಂಡುಬಿಡುತ್ತದೆ. ನನ್ನ ಹಾಳೆ ಅಲುಗಲಿಲ್ಲ. ನಾಡಿ ಹಿಡಿದು ನೋಡಿದರು, 72. ತೂಕವೂ ಇಳಿದಿರಲಿಲ್ಲ. ಆದರೆ ರಿಪೋರ್ಟಿನಲ್ಲಿ ಟಿಎಸ್‌ಎಚ್ 0.08 ಅಂತಿತ್ತು, ಕಡಿಮೆಯೆಂದರೂ 0.4 ಇರಬೇಕಾದದ್ದು. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು ಇದು, ಥೈರಾಯ್ಡ್ ಹೆಚ್ಚಾದರೆ ಇದು ಇಳಿಯುತ್ತದೆ. ಥೈರಾಯ್ಡ್ ಗ್ರಂಥಿಯೇ ಸುರಿಸುವ ಹಾರ್ಮೋನು ಟಿ4 ಮೇಲಿನ ಮಿತಿಯನ್ನು ದಾಟಿತ್ತು.

"ರಿಪೋರ್ಟ್ ಒಂದು ಹೇಳ್ತಿದೆ, ನಿಮ್ಮ ಮೈ ಇನ್ನೊಂದು ಹೇಳ್ತಿದೆ. ನಾನು ಬರೆದುಕೊಟ್ಟಿದ್ದು ಬಿಟ್ಟು ಬೇರೇನಾದ್ರೂ ತಗೋತಿದ್ದೀರಾ?"

ಎರಡು ವರ್ಷದಿಂದ ನಾನು ಹೆದರಿಕೊಂಡಿದ್ದದ್ದು ಇದೇ ಪ್ರಶ್ನೆಗೆ.

ಎರಡು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಅಂಗಾಲು ಜುಮುಜುಮು ಅನ್ನುತ್ತದೆ, ರಾತ್ರಿ ಕಾಲಿಗೆ ಇರುವೆ ಹತ್ತಿದ ಹಾಗಾಗುತ್ತದೆ ಅಂತ ಅವರಿಗೆ ಹೇಳಿದ್ದೆ. ನರಗಳಿಗೆ ಬೇಕಾದ ವಿಟಮಿನ್ ಬಿ12ರ ಪರೀಕ್ಷೆ ಬರೆದುಕೊಟ್ಟರು. 226 ಬಂತು. ಲ್ಯಾಬಿನ ಕನಿಷ್ಠ ಮಿತಿ 200. "ನಾರ್ಮಲ್ ಇದೆ. ಸುಮ್ನೆ ವಿಟಮಿನ್ ನುಂಗೋ ಅಭ್ಯಾಸ ಮಾಡ್ಕೋಬೇಡಿ" ಅಂದು ಮುಂದಿನವರನ್ನು ಕರೆದರು. ಆ ಮಾತು ನನಗೆ ಚುಚ್ಚಿತು. ಹೊಟ್ಟೆಯುರಿಗೆಂದು ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ನಾನು ಆರು ವರ್ಷದಿಂದ ದಿನಾ ತಗೊಳ್ಳುತ್ತಿದ್ದೆ. ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುವ ಬಿ12 ಬಿಡಿಸಿಕೊಳ್ಳಬೇಕಾದರೆ ಜಠರದ ಆಮ್ಲ ಬೇಕು. ಆಮ್ಲವನ್ನೇ ವರ್ಷಗಟ್ಟಲೆ ತಗ್ಗಿಸಿದರೆ ತಿಂದದ್ದರಲ್ಲಿರುವ ಬಿ12 ಪೂರ್ತಿ ದಕ್ಕುವುದಿಲ್ಲ. ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬೇಗ ಬಯಲಾಗುವುದೂ ಇಲ್ಲ. 200ರಿಂದ 300ರ ನಡುವಿನ ಅಂಕಿಯನ್ನು ಎಷ್ಟೋ ವೈದ್ಯರು ಅನುಮಾನದ ವಲಯ ಎಂದೇ ನೋಡುತ್ತಾರೆ, ಬಿ12 ಕೊರತೆಯಾದಾಗ ರಕ್ತದಲ್ಲಿ ಏರುವ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ ಮಾಡಿಸಿ ಖಾತ್ರಿಪಡಿಸಿಕೊಳ್ಳುತ್ತಾರೆ. ಇದನ್ನೆಲ್ಲ ಓದಿ ತಿಳಿದುಕೊಂಡೆ. ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲ, ಅದಕ್ಕೆ ಆಮ್ಲದ ಹಂಗಿಲ್ಲ. ದಿನಕ್ಕೆ 1000 ಮೈಕ್ರೋಗ್ರಾಂ ಶುರುಮಾಡಿದೆ. ಮೂರ್ನಾಲ್ಕು ತಿಂಗಳಿಗೆ ರಾತ್ರಿಯ ಇರುವೆಗಳು ಕಡಿಮೆಯಾದವು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಒಂದು ವಿಷಯದಲ್ಲಿ ನಾನು ಸರಿಯಾಗಿದ್ದೆನಲ್ಲ, ಅದೇ ಧೈರ್ಯದಲ್ಲಿ ಒಂದೊಂದೇ ಸೇರಿಸುತ್ತ ಹೋದೆ. ನಿದ್ದೆಗೆ ಮೆಗ್ನೀಸಿಯಂ, ನೆಗಡಿಗೆ ಸತು, ನರಗಳಿಗೆಂದು ಬಿ-ಕಾಂಪ್ಲೆಕ್ಸ್, ಕೂದಲು ಉದುರುತ್ತದೆಂದು ಬಯೋಟಿನ್ ಅನ್ನುವ ವಿಟಮಿನ್. ಡಾಕ್ಟರಿಗೆ ಒಂದನ್ನೂ ಹೇಳಲಿಲ್ಲ. ಹೇಳಿದರೆ ಮತ್ತೆ ಅದೇ ಮಾತು ಕೇಳಬೇಕಲ್ಲ ಅನ್ನುವ ಬೇಸರ.

ಅವತ್ತು ಹೇಳಿದೆ. ಅವರು ಗದರಲಿಲ್ಲ. "ಎಲ್ಲಾ ಡಬ್ಬಿ ತಗೊಂಡು ಸಂಜೆ ಬನ್ನಿ, ಥೈರಾಯ್ಡ್ ಮಾತ್ರೆ ಈಗಲೇ ಬರೆಯೋದಿಲ್ಲ" ಅಂದರು.

ಸಂಜೆ ಮೇಜಿನ ಮೇಲೆ ಐದು ಡಬ್ಬಿ ಸಾಲಾಗಿ ನಿಂತವು. ಕನ್ನಡಕವನ್ನು ಹಣೆಗೇರಿಸಿ, ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು, ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಓದತೊಡಗಿದರು. ಬಯೋಟಿನ್ ಡಬ್ಬಿ ಬಂದಾಗ ಬೆರಳು ಅಲ್ಲೇ ನಿಂತಿತು. 10,000 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಸಾಕಾಗುವುದು ಸುಮಾರು 30.

ಆಮೇಲೆ ಅವರು ವಿವರಿಸಿದ್ದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಥೈರಾಯ್ಡ್ ಅಳೆಯುವ ಹಲವು ಯಂತ್ರಗಳು ಪರೀಕ್ಷೆಯೊಳಗೇ ಬಯೋಟಿನ್ನನ್ನು ಕೊಂಡಿಯ ಹಾಗೆ ಬಳಸುತ್ತವೆ. ನಮ್ಮ ರಕ್ತದಲ್ಲೇ ಅದು ತುಂಬಿದ್ದರೆ ಕೊಂಡಿಗಳ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಟಿ4 ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಥೇಟ್ ಥೈರಾಯ್ಡ್ ಹೆಚ್ಚಾದವರ ರಿಪೋರ್ಟಿನ ಹಾಗೆ. ಗ್ರಂಥಿಗೆ ಏನೂ ಆಗಿರುವುದಿಲ್ಲ. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆಯೇ ಕಡಿಮೆ ತೋರಿಸಿಬಿಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಕೇಳುತ್ತ ಕೇಳುತ್ತ ನನ್ನ ಬಾಯಿ ಒಣಗಿತು. ಆ ಹಾಳೆ, ಆ ಪ್ರಶ್ನೆ ಇಲ್ಲದಿದ್ದರೆ ಇಲ್ಲದ ಕಾಯಿಲೆಗೆ ಥೈರಾಯ್ಡನ್ನು ಅದುಮುವ ಮಾತ್ರೆ ನುಂಗುತ್ತಿದ್ದೆ. ಕಾರಣ ನನ್ನ ಬಾಯಲ್ಲೇ ಇತ್ತು.

ಬಿ-ಕಾಂಪ್ಲೆಕ್ಸ್ ಡಬ್ಬಿಯನ್ನೂ ಅವರು ಪಕ್ಕಕ್ಕಿಟ್ಟರು. ಅದರಲ್ಲಿ ಬಿ6 50 ಮಿಲಿಗ್ರಾಂ ಇತ್ತು, ಮೆಗ್ನೀಸಿಯಂ ಮಾತ್ರೆಯಲ್ಲೂ ಒಂದಷ್ಟು ಸೇರಿಸಿದ್ದರು. ದಿನಕ್ಕೆ ಬೇಕಾದದ್ದು ಒಂದೂವರೆ ಮಿಲಿಗ್ರಾಂ ಆಸುಪಾಸು. ಅತಿಯಾದ ಬಿ6 ಬಹಳ ದಿನ ಹೊಟ್ಟೆಗೆ ಹೋದರೆ ನರಗಳೇ ಹಾಳಾಗಿ, ಅಂಗಾಲು ಜುಮುಜುಮು ಅನ್ನುತ್ತದೆ. ನಾನು ಓಡಿಸಲು ಹೊರಟಿದ್ದ ಅದೇ ಜುಮುಜುಮು.

ಕೊನೆಗೆ ಉಳಿದದ್ದು ಬಿ12. ಅದನ್ನು ಕೈಯಲ್ಲಿ ಹಿಡಿದುಕೊಂಡು, ನನ್ನ ಹಳೇ ಫೈಲು ತಿರುವಿದರು. ಆಮ್ಲದ ಮಾತ್ರೆಯ ಸಾಲಿನ ಮೇಲೆ ಪೆನ್ನು ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವತ್ತು ನಾನು ಇದನ್ನ ನೋಡ್ಬೇಕಿತ್ತು" ಅಂದರು. ನನ್ನ ಎರಡು ವರ್ಷದ ಸಿಟ್ಟು ಆ ಒಂದು ಮಾತಿಗೆ ಇಳಿಯಿತು. ನಾನೂ ಅವತ್ತೇ ಬಾಯಿಬಿಟ್ಟು, "ಡಾಕ್ಟ್ರೇ, ಆರು ವರ್ಷದಿಂದ ಇದು ತಗೋತಿದ್ದೀನಿ, ಅದಕ್ಕೇನಾದ್ರೂ ಸಂಬಂಧ ಇದೆಯಾ?" ಅಂತ ಕೇಳಬಹುದಿತ್ತು. ಕೇಳಲಿಲ್ಲ.

ಬಯೋಟಿನ್ ಬಿಟ್ಟು ವಾರದ ನಂತರ ಮತ್ತೆ ರಕ್ತ ಕೊಟ್ಟೆ. ಟಿಎಸ್‌ಎಚ್ 2.1, ಟಿ4 ಮಿತಿಯೊಳಗೆ. ನರಗಳನ್ನು ಪರೀಕ್ಷಿಸಲು ಡಾಕ್ಟರು ಶ್ರುತಿಕವೆಯೊಂದನ್ನು (ಟ್ಯೂನಿಂಗ್ ಫೋರ್ಕ್) ತಟ್ಟಿ ನನ್ನ ಕಾಲಿನ ಹೆಬ್ಬೆರಳಿನ ಗೆಣ್ಣಿಗೆ ಒತ್ತಿದರು. "ಕಂಪನ ನಿಂತಾಗ ಹೇಳಿ." ಕಣ್ಣು ಮುಚ್ಚಿ ಅದು ಸಣ್ಣಗಾಗುತ್ತ ಹೋಗುವವರೆಗೂ ಕಾದು, ನಿಂತಿತು ಅಂದೆ. ಅವರು ತಲೆಯಾಡಿಸಿ ಚೀಟಿ ಎಳೆದುಕೊಂಡರು. ಮೊದಲ ಸಾಲಿನಲ್ಲಿ ಬಿ12, 1000 ಮೈಕ್ರೋಗ್ರಾಂ ಎಂದು ಅವರ ಕೈಯಕ್ಷರದಲ್ಲೇ ಬರೆದರು. ಆಮ್ಲದ ಮಾತ್ರೆಯ ಎದುರು, ನಿಧಾನವಾಗಿ ಕಡಿಮೆ ಮಾಡುವುದು, ಮೂರು ತಿಂಗಳಿಗೆ ಮತ್ತೆ ನೋಡುವುದು, ಎಂದಿತ್ತು.