ನಿದ್ದೆಯಲ್ಲಿ ನೀವಿದ್ರಾ?

ತಿರುವಣ್ಣಾಮಲೈಗೆ ಹುಣ್ಣಿಮೆ ದಿನ ಹೋಗಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕಂದ್ರೆ ಹೊಟ್ಟೆ ಇನ್ನೂ ಉರಿಯುತ್ತಿದೆ. ಅವತ್ತು ಅರುಣಾಚಲ ಬೆಟ್ಟದ ಸುತ್ತ 14 ಕಿಲೋಮೀಟರ್ ಗಿರಿವಲಂ ಮಾಡಲು ಜನ ಲಕ್ಷಗಟ್ಟಲೆ ಬರುತ್ತಾರೆ. ನಾನು ಲಾಡ್ಜಿಗೆ ಫೋನ್ ಮಾಡಿ, ಅಡ್ವಾನ್ಸ್ ಕೂಡ ಹಾಕಿದ್ದೆ. ರಾತ್ರಿ ಹೋಗಿ ನೋಡಿದರೆ ನನ್ನ ರೂಮಿನಲ್ಲಿ ಇನ್ಯಾವುದೋ ಸಂಸಾರ! ಮೂರು ಪಟ್ಟು ಬಾಡಿಗೆ ಕೊಟ್ಟರಂತೆ. "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಎಂದು ಮಹಡಿ ಮೇಲಿನ ಶೀಟ್ ರೂಮು ತೋರಿಸಿದ. ಫ್ಯಾನ್ ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. 'ನಾನು ಯಾರು' ಎಂದು ಕೇಳಿಕೊಳ್ಳಿ ಎಂದ ರಮಣ ಮಹರ್ಷಿಗಳ ಆಶ್ರಮದಲ್ಲೇ ಉಳಿಯುವ ಆಸೆ ಇದ್ದವರು ಬಹಳ ಮೊದಲೇ ಬರೆದು ಕೇಳಬೇಕು. ಹುಣ್ಣಿಮೆ ಹತ್ತಿರವಾದರೆ ಇನ್ನೂ ಮೊದಲೇ.

ಬೆಳಿಗ್ಗೆ ಆಶ್ರಮಕ್ಕೆ ಹೋದೆ. ಸಮಾಧಿಯ ದೊಡ್ಡ ಹಾಲು, ಕಲ್ಲಿನ ಕಂಬಗಳು ಎಲ್ಲ ಚೆನ್ನಾಗಿವೆ, ಆದರೆ ನನಗೆ ಹಿಡಿಸಿದ್ದು ಪಕ್ಕದ ಹಳೇ ಹಾಲು. ರಮಣರು ಇಪ್ಪತ್ತು ವರ್ಷ ಕೂತಿದ್ದು, ಮಲಗಿದ್ದು, ಬಂದವರ ಜೊತೆ ಮಾತಾಡಿದ್ದು ಇಲ್ಲೇ. ಅವರ ಸೋಫಾ ಮೇಲೆ ಈಗ ಅವರದೇ ದೊಡ್ಡ ಫೋಟೋ ಇದೆ. ಹೊರಗೆ ನವಿಲು ಕೂಗುತ್ತಿತ್ತು. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತೆ. ಕಣ್ಣ ಮುಂದೆ ಬಂದಿದ್ದು ಲಾಡ್ಜಿನವನ ಮುಖ.

ಹಿಂದಿನ ಗೇಟಿನಿಂದ, ಬೆಟ್ಟದ ಮೇಲೆ ರಮಣರು ಕೆಲವು ವರ್ಷ ಇದ್ದ ಸ್ಕಂದಾಶ್ರಮಕ್ಕೆ ಕಲ್ಲು ಹಾಸಿದ ದಾರಿ ಇದೆ. ಬೇಗ ಹತ್ತಿ, ಒಂಬತ್ತರ ಮೇಲೆ ಕಲ್ಲು ಕಾಯುತ್ತದೆ. ದಾರಿಯಲ್ಲಿ ಮೆದು ಕಲ್ಲಿನಲ್ಲಿ ಆನೆ, ಬುದ್ಧ ಕೆತ್ತಿ ಮಾರುವವರು ಕೂತಿರುತ್ತಾರೆ. ಒಂದು ತಿರುವಿನಲ್ಲಿ ಇಡೀ ಅರುಣಾಚಲೇಶ್ವರ ದೇವಸ್ಥಾನ ಕೆಳಗೆ ಕಾಣುತ್ತದೆ. ಹನ್ನೊಂದು ಅಂತಸ್ತಿನ ಪೂರ್ವದ ಗೋಪುರ 217 ಅಡಿ. ಕಟ್ಟಿಸಲು ಶುರು ಮಾಡಿದ್ದು ನಮ್ಮ ಹಂಪಿಯ ಕೃಷ್ಣದೇವರಾಯ. ಅಲ್ಲಿ ಉಸಿರು ಹಿಡಿಯುತ್ತ ನಿಂತಾಗಲೇ ಪಕ್ಕದಲ್ಲಿ ಕನ್ನಡ ಕೇಳಿಸಿತು.

ತುಮಕೂರು ಕಡೆಯ ದಂಪತಿ. ಯಜಮಾನರು ರಿಟೈರ್ಡ್ ಗಣಿತದ ಮೇಷ್ಟ್ರು, ಕೈಯಲ್ಲಿ ಕೊಡೆ. ಅಮ್ಮನ ಕೈಯಲ್ಲಿ ನೀರಿನ ಬಾಟಲಿ, ಬ್ಯಾಗಿನಲ್ಲಿ ಚಕ್ಕುಲಿ. ಸ್ಕಂದಾಶ್ರಮದಲ್ಲಿ ತೆಂಗಿನ ಮರದ ನೆರಳಲ್ಲಿ ಮೂರೂ ಜನ ಕೂತೆವು. ನಾನು ಸುಮ್ನೆ ಹೇಳಿದೆ, "ಅದ್ವೈತ, ಬ್ರಹ್ಮವೊಂದೇ ಸತ್ಯ, ಜಗತ್ತು ಮಿಥ್ಯೆ ಅಂತ ಚಿಕ್ಕಂದಿನಿಂದ ಪ್ರವಚನದಲ್ಲಿ ಕೇಳಿ ಕೇಳಿ ಸಾಕಾಗಿದೆ ಸಾರ್. 'ನಾನು ಯಾರು' ಅಂತ ಕೇಳ್ಕೊಂಡ್ರೂ ಉತ್ತರ ಬರಲ್ಲ."

"ಬಂದ್ರೆ ಅನುಮಾನ ಪಡಿ. ಅದೂ ಇನ್ನೊಂದು ಯೋಚನೆ ಅಷ್ಟೇ" ಎಂದರು ಮೇಷ್ಟ್ರು.

ಅದು ಜಪ ಅಲ್ಲ, ಒಳಗೆ ನೂರು ಸಲ ಹೇಳಿಕೊಂಡರೆ ಏನೂ ಆಗೋದಿಲ್ಲ ಎಂದರು. ಒಂದು ಯೋಚನೆ ಬಂದರೆ, ಇದು ಯಾರಿಗೆ ಬಂತು ಅಂತ ನೋಡಬೇಕು. ನನಗೆ ಬಂತು. ಸರಿ, ಆ ನಾನು ಎಲ್ಲಿಂದ ಏಳುತ್ತಿದೆ? ಅಲ್ಲಿಗೆ ಗಮನ ತಿರುಗಿಸಿ ನಿಲ್ಲಬೇಕು. 1902ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೈ ಅನ್ನುವವರು ಕೆಳಗಿನ ವಿರೂಪಾಕ್ಷ ಗುಹೆಗೆ ಬಂದು ಇದನ್ನೇ ಕೇಳಿದ್ದು. ಆಗ ರಮಣರು ಮಾತಾಡುತ್ತಿರಲಿಲ್ಲ, ಬರೆದು ಉತ್ತರ ಕೊಟ್ಟರಂತೆ.

"ಅವರಿಗೆ ಸುಲಭ ಬಿಡಿ" ಎಂದೆ.

"ಮೊದಲ ಸಲ ಇದನ್ನ ನೋಡಿಕೊಂಡಾಗ ಹದಿನಾರು ವರ್ಷದ ಹುಡುಗ ರೀ ಅವರು!" 1896ರ ಜುಲೈ, ಮದುರೆಯಲ್ಲಿ ಚಿಕ್ಕಪ್ಪನ ಮನೆಯ ಮಹಡಿ. ಕಾಯಿಲೆ ಇಲ್ಲ, ಕಸಾಲೆ ಇಲ್ಲ, ಇದ್ದಕ್ಕಿದ್ದಂತೆ ಸಾಯುತ್ತೇನೆ ಎನ್ನುವ ಭಯ. ಹುಡುಗ ಯಾರನ್ನೂ ಕೂಗಲಿಲ್ಲ. ಹೆಣದ ಹಾಗೆ ಕೈಕಾಲು ಸೆಟೆದು, ಬಾಯಿ ಬಿಗಿದು ಮಲಗಿದ. ಮೈ ಸತ್ತಿತು, ಸುಡಲು ಒಯ್ಯುತ್ತಾರೆ, ಹಾಗಾದರೆ ನಾನೂ ಸತ್ತೆನಾ ಎಂದು ನೋಡಿದ. ಆರು ವಾರದ ಮೇಲೆ, ಅಣ್ಣನ ಕಾಲೇಜು ಫೀಸಿಗೆ ಕೊಟ್ಟ ಐದು ರೂಪಾಯಿಯಲ್ಲಿ ಮೂರು ತಗೊಂಡು, ಚೀಟಿ ಬರೆದಿಟ್ಟು ಮನೆ ಬಿಟ್ಟ. ಸೆಪ್ಟೆಂಬರ್ 1ಕ್ಕೆ ಇಲ್ಲಿ. "ಆ ಚೀಟಿ 'ನಾನು' ಅಂತ ಶುರುವಾಗುತ್ತೆ. ಎರಡನೇ ಸಾಲಿಗೆಲ್ಲ 'ಇದು' ಆಗಿರುತ್ತೆ. ಕೊನೇಲಿ ಸಹಿಯೇ ಇಲ್ಲ, ಬರೀ ಗೆರೆ" ಎಂದು ಮೇಷ್ಟ್ರು ಕೊಡೆ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದರು.

ನಾನು ಲಾಡ್ಜಿನ ಕಥೆ ತೆಗೆದೆ. ಪೂರ್ತಿ ಕೇಳಿ, "ಆಮೇಲೆ ನಿದ್ದೆ ಬಂತಾ?" ಎಂದರು.

"ಎರಡು ಗಂಟೆ ಮೇಲೆ. ಆದ್ರೆ ಒಳ್ಳೆ ನಿದ್ದೆ."

"ಆಗ ಅವನ ಮೇಲೆ ಸಿಟ್ಟಿತ್ತಾ?"

"ನಿದ್ದೇಲಿ ಎಂಥಾ ಸಿಟ್ಟು?"

"ಶೀಟ್ ಇತ್ತಾ? ಸೆಕೆ? ನಿಮ್ಮ ಹೆಸರು, ಊರು?"

"ಏನೂ ಇರ್ಲಿಲ್ಲ."

"ನೀವಿದ್ರಾ?"

ಇದ್ದೆ ಎನ್ನಲು ಹೋಗಿ ತಡವರಿಸಿದೆ. "ಇದ್ದೆ, ಆದ್ರೆ ನಂಗೆ ಏನೂ ಗೊತ್ತಿರ್ಲಿಲ್ಲ."

"ಏನೂ ಗೊತ್ತಿರ್ಲಿಲ್ಲ ಅನ್ನೋದು ನಿಮಗೆ ಹೇಗೆ ಗೊತ್ತಾಯ್ತು? ಒಳ್ಳೆ ನಿದ್ದೆ ಅಂದ್ರಲ್ಲ, ಒಳ್ಳೇದು ಅಂತ ಕಂಡವರು ಯಾರು?"

ನಾನೂ ಬಿಡಲಿಲ್ಲ. ಎದ್ದ ಮೇಲೆ ಮೈ ಹಗುರಾಗಿತ್ತು, ಅದಕ್ಕೆ ಚೆನ್ನಾಗಿ ಮಲಗಿರಬೇಕು ಎಂದು ಊಹೆ ಮಾಡಿದೆ ಅಷ್ಟೇ, ಒಳಗೆ ಸಾಕ್ಷಿಯೊಬ್ಬ ಕೂತಿದ್ದ ಅಂತ ಯಾಕೆ ಒಪ್ಪಬೇಕು ಎಂದೆ. ಮೇಷ್ಟ್ರ ಕಣ್ಣು ಅರಳಿತು. ಹಿಂದಿನ ತಾರ್ಕಿಕರೂ, ಅಂದರೆ ನ್ಯಾಯಶಾಸ್ತ್ರದವರೂ, ಅದ್ವೈತಿಗಳ ಹತ್ತಿರ ಇದೇ ಜಗಳ ತೆಗೆದಿದ್ದರಂತೆ. ಅದಕ್ಕೆ ಅದ್ವೈತಿಗಳ ಉತ್ತರ: ಅದು ಊಹೆ ಅಲ್ಲ, ನೆನಪು. ಅನುಭವವೇ ಆಗದ್ದು ನೆನಪಾಗೋದಿಲ್ಲ. ಹಾಗಾಗಿ ನಿದ್ದೆಯಲ್ಲೂ ಅರಿವು ಇತ್ತು. ಬಂದು ಹೋಗಿದ್ದು ಹೆಸರು, ಊರು, ಸಿಟ್ಟು. ಹೋಗದೆ ಉಳಿದಿದ್ದು ಯಾವುದೋ ಅದೇ ಆತ್ಮ. ಅದನ್ನು ಹೊಸದಾಗಿ ಸಂಪಾದಿಸಬೇಕಾಗಿಲ್ಲ, ಅಲ್ಲದ್ದನ್ನು ನಾನು ಅಂದುಕೊಳ್ಳೋದು ಬಿಟ್ಟರೆ ಆಯ್ತು.

"ಅಷ್ಟೆಲ್ಲಾ ಗೊತ್ತು ಇವರಿಗೆ" ಎಂದು ಅಮ್ಮ ನನಗೆ ಚಕ್ಕುಲಿ ಕೊಟ್ಟರು. "ಸಾರಿಗೆ ಉಪ್ಪು ಕಮ್ಮಿ ಆದ್ರೆ ಸಿಟ್ಟು ಯಾರಿಗೆ ಬರುತ್ತೆ ಅಂತ ಕೇಳಿ."

ಮೇಷ್ಟ್ರು ಜೋರಾಗಿ ನಕ್ಕುಬಿಟ್ಟರು. "ಅಲ್ಲೇ ನೋಡಿ ಪರೀಕ್ಷೆ. ಫೇಲಾಗ್ತಾನೇ ಇದೀನಿ."

ವಿರೂಪಾಕ್ಷ ಗುಹೆಗೂ ಇಳಿದೆವು. ಒಳಗೆ ಕತ್ತಲು, ವಿಪರೀತ ಸೆಕೆ. ರಮಣರು 1899ರಿಂದ 1916ರವರೆಗೆ ಇದ್ದ ಜಾಗ. ಕೂತ ತಕ್ಷಣ ಲಾಡ್ಜಿನವನು ಮತ್ತೆ ಹಾಜರು. ಈ ಸಲ ಅವನನ್ನು ಓಡಿಸಲು ಹೋಗಲಿಲ್ಲ. ಇದು ಯಾರಿಗೆ ಎಂದು ನೋಡಿದೆ. ಎದೆಯಲ್ಲಿ ಒಂದು ಬಿಗಿ, ಅದರ ಹಿಂದೆ 'ನನಗೆ ಮೋಸ ಮಾಡಿದ' ಎನ್ನುವ ಮಾತು, ಅದರ ಹಿಂದೆ ಬರೀ 'ನಾನು'. ಅದನ್ನು ಹಿಡಿಯಲು ಹೋದರೆ ಕೈಗೇ ಸಿಗಲಿಲ್ಲ. ಎರಡು ಉಸಿರಿನಷ್ಟು ಹೊತ್ತು ಲಾಡ್ಜೂ ಇಲ್ಲ, ಸಿಟ್ಟೂ ಇಲ್ಲ. ಅಷ್ಟರಲ್ಲಿ 'ಓ, ಆಯ್ತಲ್ಲ!' ಎಂದು ಒಂದು ಖುಷಿ ಎದ್ದು ಎಲ್ಲ ಕೆಡಿಸಿತು.

ಮಧ್ಯಾಹ್ನ ಆಶ್ರಮದಲ್ಲಿ ನೆಲದ ಮೇಲೆ ಸಾಲಾಗಿ ಕೂತು ಎಲೆ ಊಟ. ಆ ಸಾಂಬಾರಿನ ಮುಂದೆ ಹೊರಗಿನ ರಸ್ತೆಯ ಪಿಜ್ಜಾ, ಸ್ಮೂದಿ ಕೆಫೆಗಳನ್ನು ನಿವಾಳಿಸಬೇಕು. ಕೈ ತೊಳೆಯುವಾಗ ಗುಹೆಯಲ್ಲಿ ಆಗಿದ್ದನ್ನು ಮೇಷ್ಟ್ರಿಗೆ ಹೇಳಿ, "ಆ ಖುಷಿ ಬಂತಲ್ಲ, ಅದಕ್ಕೇನು ಮಾಡ್ಬೇಕಿತ್ತು?" ಎಂದೆ.

"ಅದು ಯಾರಿಗೆ ಬಂತು ಅಂತ ಕೇಳಿದ್ರಾ?"

ಕೇಳಿರಲಿಲ್ಲ. ನಿದ್ದೆಯ ವಾದ ಮಾತ್ರ ನಾನಿನ್ನೂ ಪೂರ್ತಿ ಒಪ್ಪಿಲ್ಲ, ಅದನ್ನೂ ಹೇಳಿದೆ. ಡಿಸೆಂಬರ್ 30, ರಮಣರು ಹುಟ್ಟಿದ ದಿನದ ಆಸುಪಾಸಿಗೆ ಮೇಷ್ಟ್ರು ಪ್ರತಿ ವರ್ಷ ಬರುತ್ತಾರಂತೆ. "ಬನ್ನಿ, ಇನ್ನೊಂದು ಸುತ್ತು ಜಗಳ ಆಡೋಣ" ಎಂದರು.